ಪಟ್ಟಿಯಲ್ಲಿ ಯಾರ ಹೆಸರು: ರಾಸಾಯನಿಕದ್ದೋ, ಮಕ್ಕಳದ್ದೋ?

2025ರ ಸೆಪ್ಟೆಂಬರ್ 1ರಂದು ಐರೋಪ್ಯ ಒಕ್ಕೂಟದ 27 ರಾಷ್ಟ್ರಗಳಲ್ಲಿ ಕೆಲವು ಬಗೆಯ ಉಗುರುಬಣ್ಣಗಳ ಮಾರಾಟ ಒಮ್ಮೆಲೇ ನಿಂತುಹೋಯಿತು. ದೀಪದ ಬೆಳಕಿಗೆ ಒಡ್ಡಿದೊಡನೆ ಗಟ್ಟಿಯಾಗುವ ಜೆಲ್ ಬಣ್ಣಗಳಲ್ಲಿ ಬಳಕೆಯಾಗುತ್ತಿದ್ದ, ಟಿಪಿಒ ಎಂಬ ಸಂಕ್ಷಿಪ್ತನಾಮದ ರಾಸಾಯನಿಕವೇ ಇದಕ್ಕೆ ಕಾರಣ. ಆ ಬಣ್ಣ ಹಚ್ಚಿಕೊಂಡು ಯಾರೂ ಪ್ರಾಣ ಕಳೆದುಕೊಂಡಿರಲಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಿಂದ ಆ ವಸ್ತು, ಸಂತಾನೋತ್ಪತ್ತಿಗೆ ಹಾನಿಕರವಾದವುಗಳ ಪಟ್ಟಿಯಲ್ಲಿ ‘ಶಂಕಿತ’ ದರ್ಜೆಯಿಂದ ಒಂದು ಮೆಟ್ಟಿಲು ಮೇಲೇರಿತು, ಅಷ್ಟೆ. ಆ ಮೆಟ್ಟಿಲನ್ನು ತಲುಪಿದ ವಸ್ತು ಸೌಂದರ್ಯವರ್ಧಕಗಳಲ್ಲಿ ಇರಕೂಡದೆಂಬ ನಿಯಮ ಅಲ್ಲಿ ಮೊದಲೇ ಇತ್ತು. ಪಟ್ಟಿ ಬದಲಾಯಿತು, ಅಂಗಡಿಯ ಕಪಾಟೂ ಬದಲಾಯಿತು.

ಸರ್ಕಾರಗಳು ಪ್ರಕಟಿಸುವ ಪಟ್ಟಿಗಳೆಂದರೆ ನಮ್ಮಲ್ಲಿ ಅನೇಕರಿಗೆ ಬೇಸರ. ಕಡತದ ಭಾಷೆ, ನಾಲಿಗೆ ಹೊರಳದ ಹೆಸರುಗಳು, ಕೊನೆಯಿಲ್ಲದ ಅನುಬಂಧಗಳು. ಆದರೆ ಗರ್ಭಸ್ಥ ಶಿಶುವಿಗೆ, ಹೆಣ್ಣಿನ ಗರ್ಭಧಾರಣೆಗೆ, ಗಂಡಿನ ವೀರ್ಯಶಕ್ತಿಗೆ ಕುತ್ತು ತರುವ ವಸ್ತುಗಳ ಪಟ್ಟಿಯನ್ನು ನಾವು ಹಾಗೆ ಬದಿಗೆ ಸರಿಸುವಂತಿಲ್ಲ. ಇಂತಹ ಪಟ್ಟಿಯನ್ನು ಯಾರು ಮಾಡುತ್ತಾರೆ, ಹೆಸರು ಅದರೊಳಗೆ ಬರುವ ದಾರಿ ಯಾವುದು, ಬಂದ ಮೇಲೆ ಯಾರ ಮೇಲೆ ಯಾವ ಹೊಣೆ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ, ನಮ್ಮ ದೇಶದ ವ್ಯವಸ್ಥೆಯಲ್ಲಿರುವ ದೊಡ್ಡದೊಂದು ಕೊರತೆ ಕಣ್ಣಿಗೆ ಬೀಳುತ್ತದೆ.

ಕ್ಯಾಲಿಫೋರ್ನಿಯಾದ ದಾರಿ

ಈ ಬಗೆಯ ಪಟ್ಟಿಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ್ದು. 1986ರ ನವೆಂಬರ್‌ನಲ್ಲಿ ಅಲ್ಲಿಯ ಮತದಾರರು ‘ಪ್ರೊಪೊಸಿಷನ್ 65’ ಎಂಬ ಕಾಯಿದೆಯನ್ನು ನೇರ ಮತದಾನದಿಂದ ಅಂಗೀಕರಿಸಿದರು. ಕ್ಯಾನ್ಸರ್ ತರುವ ಹಾಗೂ ಸಂತಾನೋತ್ಪತ್ತಿಗೆ ಹಾನಿ ಮಾಡುವ ರಾಸಾಯನಿಕಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಪ್ರಕಟಿಸಬೇಕು, ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎಂಬುದು ಅದರ ಕಟ್ಟಳೆ. 1987ರ ಫೆಬ್ರುವರಿ 27ರಂದು ಹೊರಬಿದ್ದ ಮೊದಲ ಪಟ್ಟಿಯಲ್ಲಿದ್ದದ್ದು 29 ಹೆಸರು ಮಾತ್ರ. ಕಾರ್ಮಿಕ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ ಅದು ಬೆಳೆಯಿತು; ಇಂದು ಸುಮಾರು 900 ವಸ್ತುಗಳು ಅದರಲ್ಲಿವೆ.

ಹೆಸರು ಒಳಬರಲು ಅಲ್ಲಿ ನಾಲ್ಕು ಬಾಗಿಲುಗಳಿವೆ. ರಾಜ್ಯವು ನೇಮಿಸಿದ ವಿಜ್ಞಾನಿಗಳ ಸಮಿತಿ ಪುರಾವೆಗಳನ್ನು ಪರಿಶೀಲಿಸಿ ತೀರ್ಮಾನಿಸುವುದು ಒಂದು. ಮಾನ್ಯತೆ ಪಡೆದ ರಾಷ್ಟ್ರೀಯ, ಅಂತರರಾಷ್ಟ್ರೀಯ ಸಂಸ್ಥೆಗಳ ನಿರ್ಣಯವನ್ನು ಸ್ವೀಕರಿಸುವುದು ಎರಡನೆಯದು. ಔಷಧಿಯಂತಹ ವಸ್ತುವಿನ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂದು ಬೇರೊಂದು ಸರ್ಕಾರಿ ಸಂಸ್ಥೆ ಮೊದಲೇ ಆದೇಶಿಸಿದ್ದರೆ ಅದು ಮೂರನೆಯದು. ಕಾರ್ಮಿಕ ಕಾನೂನು ಗುರುತಿಸಿದ ವಸ್ತುಗಳನ್ನು ಸೇರಿಸಿಕೊಳ್ಳುವುದು ನಾಲ್ಕನೆಯದು. ಸೇರಿಸುವ ಮೊದಲು ಸಾರ್ವಜನಿಕರ ಅಭಿಪ್ರಾಯಕ್ಕೆ ಅವಕಾಶವುಂಟು. ಪಟ್ಟಿಯಲ್ಲಿ ವಸ್ತುವಿನ ಹೆಸರಿನ ಮುಂದೆ ಹಾನಿ ಬೆಳೆಯುವ ಭ್ರೂಣಕ್ಕೋ, ಹೆಣ್ಣಿಗೋ, ಗಂಡಿಗೋ ಎಂಬುದನ್ನೂ, ಸೇರಿದ ದಿನಾಂಕವನ್ನೂ ಮುದ್ರಿಸುತ್ತಾರೆ.

ಸೇರಿದ 12 ತಿಂಗಳ ಬಳಿಕ, 10 ಅಥವಾ ಹೆಚ್ಚು ನೌಕರರಿರುವ ಉದ್ಯಮಗಳು ಎಚ್ಚರಿಕೆ ನೀಡದೆ ಜನರನ್ನು ಆ ವಸ್ತುವಿಗೆ ಒಡ್ಡುವಂತಿಲ್ಲ; 20 ತಿಂಗಳ ಬಳಿಕ ಕುಡಿಯುವ ನೀರಿನ ಮೂಲಕ್ಕೆ ಬಿಡುವಂತಿಲ್ಲ. ತಪ್ಪಿದರೆ ಪ್ರತಿ ಉಲ್ಲಂಘನೆಗೆ ದಿನಕ್ಕೆ 2,500 ಡಾಲರ್‌ವರೆಗೆ ದಂಡ. ಸಂತಾನೋತ್ಪತ್ತಿಯ ವಿಷಯದಲ್ಲಿ ಎಚ್ಚರಿಕೆಯ ಮಿತಿಯನ್ನು ನಿಗದಿಪಡಿಸುವ ಸಾಮಾನ್ಯ ಕ್ರಮವೂ ಬಿಗಿಯಾದುದು: ಯಾವ ಪ್ರಮಾಣದಲ್ಲಿ ಪ್ರಯೋಗದ ಪ್ರಾಣಿಗೆ ಹಾನಿ ಕಾಣಲಿಲ್ಲವೋ, ಅದರ 1,000ದಲ್ಲೊಂದು ಪಾಲು.

ತಡವಾಗಿ ಬಂದ ದಿನಾಂಕಗಳು

ಮೊದಲ ದಿನವೇ ಸಂತಾನೋತ್ಪತ್ತಿಗೆ ಹಾನಿಕರವೆಂದು ಪಟ್ಟಿಗೆ ಬಂದವುಗಳಲ್ಲಿ ಸೀಸ, ಎಥಿಲೀನ್ ಆಕ್ಸೈಡ್ ಮತ್ತು ಡಿಬಿಸಿಪಿ ಸೇರಿದ್ದವು. ಇವುಗಳಲ್ಲಿ ಡಿಬಿಸಿಪಿಯ ಕಥೆಯನ್ನು ಇಲ್ಲಿ ಸ್ಮರಿಸಬೇಕು. ಇದು ಬೇರಿಗೆ ಹತ್ತುವ ಜಂತುಹುಳುಗಳನ್ನು ಕೊಲ್ಲಲು ಮಣ್ಣಿಗೆ ಹಾಕುತ್ತಿದ್ದ ಔಷಧಿ. ಇಲಿಗಳ ವೃಷಣಗಳನ್ನು ಇದು ಕುಗ್ಗಿಸುತ್ತದೆಂಬ ಸಂಶೋಧನೆ 1961ರಲ್ಲೇ ಪ್ರಕಟವಾಗಿತ್ತು. 1977ರಲ್ಲಿ ಕ್ಯಾಲಿಫೋರ್ನಿಯಾದ ಲೇಥ್ರಪ್ ಎಂಬಲ್ಲಿಯ ಕಾರ್ಖಾನೆಯ ಕಾರ್ಮಿಕರು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತಿದ್ದಾಗ, ತಮ್ಮ ಮನೆಗಳಲ್ಲಿ ತೊಟ್ಟಿಲು ಕಟ್ಟಿ ಬಹಳ ಕಾಲವಾಯಿತೆಂಬುದನ್ನು ಗಮನಿಸಿದರು. ಪರೀಕ್ಷೆ ಮಾಡಿಸಿದಾಗ ಅನೇಕರಲ್ಲಿ ವೀರ್ಯಾಣುಗಳು ತೀರ ಕಡಿಮೆ ಇದ್ದವು, ಕೆಲವರಲ್ಲಿ ಇರಲೇ ಇಲ್ಲ. 1979ರಲ್ಲಿ ಅಮೆರಿಕ ಅದರ ಬಹುಪಾಲು ಬಳಕೆಯನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಪಟ್ಟಿಗೆ ಅದು ಸೇರಿದ್ದು 1987ರಲ್ಲಿ. ಭಾರತ ಅದನ್ನು ನಿಷೇಧಿಸಿದ್ದು 1989ರಲ್ಲಿ.

1961, 1977, 1987, 1989. ಇಲಿ ಹೇಳಿದ ಮಾತನ್ನು ಸರ್ಕಾರಗಳು ಕೇಳಿಸಿಕೊಳ್ಳಲು ಮನುಷ್ಯರು ಬಂಜೆತನವನ್ನು ಅನುಭವಿಸಿ ತೋರಿಸಬೇಕಾಯಿತು. ಪಟ್ಟಿಯೆಂಬುದರ ಉದ್ದೇಶವೇ ಈ ನಡುವಿನ ವರ್ಷಗಳನ್ನು ಕಡಿಮೆ ಮಾಡುವುದು.

ಐರೋಪ್ಯ ಒಕ್ಕೂಟ ಈ ದಿಕ್ಕಿನಲ್ಲಿ ಇನ್ನಷ್ಟು ಮುಂದೆ ಹೋಗಿದೆ. ವಿಶ್ವಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಏಕರೂಪದ ವರ್ಗೀಕರಣದಂತೆ ಸಂತಾನೋತ್ಪತ್ತಿಗೆ ಹಾನಿಕರವಾದ ವಸ್ತುಗಳಲ್ಲಿ ಮೂರು ದರ್ಜೆ: ಮನುಷ್ಯರಲ್ಲಿ ಹಾನಿ ಸಿದ್ಧವಾದದ್ದು 1ಎ, ಪ್ರಾಣಿಪ್ರಯೋಗಗಳಿಂದ ಹಾಗೆಂದು ಭಾವಿಸಬೇಕಾದದ್ದು 1ಬಿ, ಶಂಕಿತವಾದದ್ದು 2. ಎದೆಹಾಲಿನ ಮೂಲಕ ಕೂಸಿಗೆ ತಲುಪುವ ಹಾನಿಗೆ ಪ್ರತ್ಯೇಕ ನಮೂದು ಉಂಟು. ಎದೆಯ ಮೇಲೆ ನಕ್ಷತ್ರದಂತೆ ಬಿರುಕು ಬಿಟ್ಟ ಮನುಷ್ಯಾಕೃತಿಯ ಚಿಹ್ನೆಯನ್ನು ಡಬ್ಬಿಗಳ ಮೇಲೆ ಕಂಡವರಿರಬಹುದು. ಅದು ಸೂಚಿಸುವ ದೀರ್ಘಕಾಲಿಕ ಅಪಾಯಗಳಲ್ಲಿ ಇದೂ ಒಂದು. ಐರೋಪ್ಯ ಕಾನೂನು ಈ ದರ್ಜೆಗಳಿಗೆ ಹೊಣೆಗಳನ್ನು ಗಂಟುಹಾಕಿದೆ. ಇದಲ್ಲದೆ 2008ರ ಅಕ್ಟೋಬರ್‌ನಲ್ಲಿ 15 ಹೆಸರುಗಳೊಂದಿಗೆ ಆರಂಭವಾದ ‘ಅತಿ ಕಳವಳಕಾರಿ ವಸ್ತುಗಳ’ ಪಟ್ಟಿಯಲ್ಲಿ ಇಂದು ಸುಮಾರು 250 ನಮೂದುಗಳಿವೆ. ಅವುಗಳಲ್ಲಿ ಯಾವುದಾದರೂ ಒಂದು ವಸ್ತು ತಾನು ಕೊಳ್ಳುವ ಸಾಮಾನಿನಲ್ಲಿ ತೂಕದ ಶೇ. 0.1ಕ್ಕಿಂತ ಹೆಚ್ಚಿದೆಯೇ ಎಂದು ಗ್ರಾಹಕ ಕೇಳಿದರೆ ಮಾರಾಟಗಾರ 45 ದಿನಗಳೊಳಗೆ ಉತ್ತರಿಸಬೇಕು.

ನಮ್ಮ ಪಟ್ಟಿಗಳು ಅಳೆಯುವುದೇನನ್ನು?

ಈಗ ನಮ್ಮ ದೇಶದತ್ತ ನೋಡೋಣ. ನಮ್ಮಲ್ಲಿ ಪಟ್ಟಿಗಳಿಗೆ ಬರವಿಲ್ಲ. 1984ರ ಭೋಪಾಲ ದುರಂತದ ಬಳಿಕ ಎಚ್ಚೆತ್ತ ಕೇಂದ್ರ ಸರ್ಕಾರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯನ್ನೂ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದು ನಿಯಮಗಳನ್ನೂ ತಂದಿತು. ಆ ನಿಯಮಗಳ ಅನುಸೂಚಿಯಲ್ಲಿ 600ಕ್ಕೂ ಹೆಚ್ಚು ಹೆಸರುಗಳಿವೆ. ಆದರೆ ಅಪಾಯಕಾರಿ ಎಂಬುದಕ್ಕೆ ಅಲ್ಲಿರುವ ಒರೆಗಲ್ಲು ಯಾವುದು? ನುಂಗಿದರೆ, ಚರ್ಮಕ್ಕೆ ತಾಗಿದರೆ, ಉಸಿರಾಡಿದರೆ ಎಷ್ಟು ಪ್ರಮಾಣದಲ್ಲಿ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುತ್ತವೆ, ಬೆಂಕಿ ಹೊತ್ತಿಕೊಳ್ಳುವುದೇ, ಸ್ಫೋಟಿಸುವುದೇ. ಒಂದೇ ರಾತ್ರಿಯಲ್ಲಿ ಊರನ್ನು ಮಸಣವಾಗಿಸಿದ ಘಟನೆಯ ನೆರಳಿನಲ್ಲಿ ರೂಪುಗೊಂಡ ಆ ನಿಯಮಗಳು ತಟ್ಟನೆ ಬರುವ ಸಾವನ್ನು ಅಳೆಯುತ್ತವೆ. ಹತ್ತು ವರ್ಷಗಳಲ್ಲಿ ಒಂದು ಹಳ್ಳಿಯ ತೊಟ್ಟಿಲುಗಳಿಗೆ ಏನಾಗುತ್ತದೆ ಎಂಬುದನ್ನು ಅಳೆಯುವ ಗೋಜಿಗೆ ಹೋಗುವುದಿಲ್ಲ.

ರೈತನ ಕೈಗೆ ಬರುವ ಪಟ್ಟಿಯೂ ಹೀಗೆಯೇ. ಕೀಟನಾಶಕದ ಡಬ್ಬಿಯ ಮೇಲೆ ಮುದ್ರಿತವಾಗುವ ಬಣ್ಣದ ತ್ರಿಕೋನವನ್ನು ಹಳ್ಳಿಯಲ್ಲಿ ಹುಟ್ಟಿದ ನಮ್ಮಲ್ಲಿ ಬಹುಮಂದಿ ಬಲ್ಲರು. ಕೆಂಪು ಅತಿ ಘೋರ, ಹಳದಿ ತೀವ್ರ, ನೀಲಿ ಮಧ್ಯಮ, ಹಸಿರು ಅಲ್ಪ ವಿಷ. ಈ ಬಣ್ಣವನ್ನು ನಿರ್ಧರಿಸುವುದೂ ಪ್ರಾಣಿಯನ್ನು ಕೊಲ್ಲುವ ಪ್ರಮಾಣವೇ. ದೇಹದ ಪ್ರತಿ ಕಿಲೋಗೆ 5,000 ಮಿಲಿಗ್ರಾಂಗಿಂತ ಹೆಚ್ಚು ನುಂಗಿಸಿದರೆ ಮಾತ್ರ ಅರ್ಧದಷ್ಟು ಪ್ರಾಣಿಗಳು ಸಾಯುವುದಾದರೆ ಆ ವಸ್ತುವಿಗೆ ಹಸಿರು ತ್ರಿಕೋನ.

ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕವನ್ನು ತೆಗೆದುಕೊಳ್ಳಿ. ಆಲೂಗಡ್ಡೆಯ ಅಂಗಮಾರಿ ರೋಗದಿಂದ ಹಿಡಿದು ದ್ರಾಕ್ಷಿಯ ಬೂಜುರೋಗದವರೆಗೆ ನಮ್ಮ ರೈತರು ಇದನ್ನು ಬಹಳ ಕಾಲದಿಂದ ಸಿಂಪಡಿಸುತ್ತ ಬಂದಿದ್ದಾರೆ. ನಮ್ಮ ಅಳತೆಯಲ್ಲಿ ಇದು ಹಸಿರು. ಐರೋಪ್ಯ ಒಕ್ಕೂಟದ ಅಳತೆಯಲ್ಲಿ ಸಂತಾನೋತ್ಪತ್ತಿಗೆ ಹಾನಿಕರವಾದ 1ಬಿ ದರ್ಜೆಯ ವಸ್ತು. 2020ರ ಡಿಸೆಂಬರ್‌ನಲ್ಲಿ ಅಲ್ಲಿ ಅದರ ಪರವಾನಗಿಯನ್ನು ನವೀಕರಿಸದಿರಲು ನೀಡಿದ ಕಾರಣಗಳಲ್ಲಿ ಇದೂ ಒಂದು. ಎರಡು ಅಳತೆಗಳೂ ತಮ್ಮತಮ್ಮ ಮಟ್ಟಿಗೆ ಸುಳ್ಳಲ್ಲ. ಇಲಿಯನ್ನು ಅದು ಸುಲಭವಾಗಿ ಕೊಲ್ಲುವುದಿಲ್ಲ, ನಿಜ. ಆದರೆ ಬಸುರಿ ಹೆಂಡತಿಯೊಂದಿಗೆ ಹೊಲಕ್ಕಿಳಿಯುವ ರೈತನಿಗೆ ಬೇಕಾದ ಉತ್ತರ ಆ ತ್ರಿಕೋನದಲ್ಲಿ ಇಲ್ಲ. ಇರುವುದು ಹಸಿರು, ಹಸಿರೆಂದರೆ ನಿರ್ಭಯವೆಂದೇ ಅವನು ತಿಳಿಯುತ್ತಾನೆ.

2020ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವಾಲಯ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶವನ್ನು ಹೊರಡಿಸಿತ್ತು, ಮ್ಯಾಂಕೊಜೆಬ್ ಅದರಲ್ಲಿತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಪೂರ್ಣ ನಿಷೇಧಕ್ಕೆ ಒಳಗಾದವು ಡೈಕೊಫಾಲ್, ಡೈನೊಕ್ಯಾಪ್ ಮತ್ತು ಮೆಥೊಮಿಲ್ ಎಂಬ ಮೂರು. ಮಾನೊಕ್ರೊಟೊಫಾಸ್‌ನ ಒಂದು ರೂಪಕ್ಕೆ ಕೊನೆಯ ಗಡುವು ದೊರೆಯಿತು. ಮ್ಯಾಂಕೊಜೆಬ್ ಸೇರಿದಂತೆ ಕೆಲವಕ್ಕೆ ನಿರ್ದಿಷ್ಟ ಬೆಳೆಗಳ ಮಟ್ಟಿಗೆ ನಿರ್ಬಂಧ ಬಂದಿತು.

ಕಾರ್ಖಾನೆಗಳಲ್ಲಿಯೂ ಇದೇ ಸ್ಥಿತಿ ಇತ್ತು. 1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ 29 ಔದ್ಯೋಗಿಕ ರೋಗಗಳಿದ್ದವು. ಸೀಸದ ವಿಷ, ಸಿಲಿಕೋಸಿಸ್, ಕಿವುಡುತನ ಎಲ್ಲವೂ ಇದ್ದವು; ಸಂತಾನಶಕ್ತಿಯ ನಾಶ ಎಂಬ ನಮೂದು ಇರಲಿಲ್ಲ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಹಳೆಯ ಕೊರತೆಯನ್ನು ತುಂಬಲು ಇದಕ್ಕಿಂತ ಒಳ್ಳೆಯ ಸಮಯ ಬೇರೊಂದಿಲ್ಲ.

ಹೊರಗಿನವರ ಪಟ್ಟಿಗೆ ನಾವು ತಲೆಬಾಗುವುದಿಲ್ಲವೆಂದಲ್ಲ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಅಧಿಕಾರಿಗಳು ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆಯೆಂದು ತಿಳಿಸಿದರು. 1987ರ ಮೊದಲ ಪಟ್ಟಿಯಲ್ಲೇ ಇದ್ದ ಹೆಸರಿದು. ಒಡನೆಯೇ ಸಂಬಾರ ಪದಾರ್ಥಗಳ ಮಂಡಳಿಯು ಆ ಎರಡು ಸ್ಥಳಗಳಿಗೆ ಹೋಗುವ ಸರಕಿಗೆ ಕಡ್ಡಾಯ ಪರೀಕ್ಷೆಯನ್ನು ವಿಧಿಸಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ ದೇಶದೊಳಗೆ ಮಾದರಿಗಳನ್ನು ಸಂಗ್ರಹಿಸಲು ಸೂಚಿಸಿತೆಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ಎಚ್ಚರಿಸಿದವರು ಯಾರು ಎಂಬುದನ್ನು ಮರೆಯುವಂತಿಲ್ಲ.

ಪಡ್ರೆಯ ಪಾಠ

ಈ ಕೊರತೆಯ ಬೆಲೆಯನ್ನು ತೆತ್ತವರು ನಮಗೆ ದೂರದವರಲ್ಲ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಓದುಗರಲ್ಲಿ ಕರಾವಳಿಯವರು, ಕಾಸರಗೋಡಿನ ಕನ್ನಡಿಗರು ಬಹಳಷ್ಟಿದ್ದಾರೆ. ಎಣ್ಮಕಜೆ ಪಂಚಾಯತಿನ ಪಡ್ರೆ ಎಂಬ ಹೆಸರನ್ನು ಅವರಿಗೆ ಪರಿಚಯಿಸಬೇಕಾಗಿಲ್ಲ. ಕೇರಳದ ತೋಟ ನಿಗಮವು ಅಲ್ಲಿಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ನಮ್ಮ ತ್ರಿಕೋನದಲ್ಲಿ ಅದರ ಬಣ್ಣ ಹಳದಿ. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಮೊದಲ ವರ್ಷಗಳಲ್ಲೇ ಬರೆದರು. ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಲೋಕದ ಮುಂದಿಟ್ಟರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲಿನ ಗೇರು ತೋಟಗಳಿಂದಲೂ ಇಂತಹುದೇ ಗೋಳು ಕೇಳಿಬಂದಿತು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ತೋಟದ ತಪ್ಪಲಿನ ಹಳ್ಳಿಯ 117 ಶಾಲಾ ಬಾಲಕರನ್ನೂ, ಸಿಂಪಡಣೆ ನಡೆಯದ ಕಡೆಯ 90 ಬಾಲಕರನ್ನೂ ಹೋಲಿಸಿ ನೋಡಿತು. 2003ರಲ್ಲಿ ಪ್ರಕಟವಾದ ಆ ಅಧ್ಯಯನವು, ಎಂಡೋಸಲ್ಫಾನ್‌ಗೆ ಒಡ್ಡಿಕೊಂಡ ಹುಡುಗರಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ತಡವಾಗುತ್ತಿರಬಹುದು, ಗಂಡು ಹಾರ್ಮೋನಿನ ಉತ್ಪಾದನೆಗೆ ಅಡ್ಡಿಯಾಗುತ್ತಿರಬಹುದು ಎಂದಿತು. ಪರೀಕ್ಷಿಸಿದವರ ಸಂಖ್ಯೆ ಚಿಕ್ಕದೆಂಬುದನ್ನು ವಿಜ್ಞಾನಿಗಳೇ ಒಪ್ಪಿಕೊಂಡಿದ್ದರು. ಆದರೂ ಇಂತಹ ಪುರಾವೆಯನ್ನು ಒಯ್ದು ತೂಗಲು, ತೂಗಿ ‘ಸೇರಿಸಿದ್ದೇವೆ’ ಅಥವಾ ‘ಇಂತಹ ಕಾರಣಕ್ಕೆ ಸೇರಿಸಿಲ್ಲ’ ಎಂದು ದಿನಾಂಕದೊಂದಿಗೆ ಹೇಳಲು, ಸಂತಾನೋತ್ಪತ್ತಿಯ ಹಾನಿಗೆಂದೇ ಮೀಸಲಾದ ಒಂದು ಪಟ್ಟಿ ದೇಶದಲ್ಲಿರಲಿಲ್ಲ. ಮತ್ತೆ ಎಂಟು ವರ್ಷ ಸರಿದವು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು, ಪರಿಸರದಲ್ಲಿ ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳ ಪಟ್ಟಿಗೆ ಎಂಡೋಸಲ್ಫಾನನ್ನು ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು.

ಆಮೇಲೆ ಬೇರೊಂದು ಪಟ್ಟಿ ಬೇಕಾಯಿತು: ಸಂತ್ರಸ್ತರ ಪಟ್ಟಿ. ಯಾರ ಹೆಸರು ಅದರಲ್ಲಿರಬೇಕು, ಯಾರದ್ದು ಬಿಟ್ಟುಹೋಯಿತು ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ನೀಡಬೇಕೆಂದಿತು. 2019ರ ಜನವರಿಯ ಕೊನೆಯಲ್ಲಿ ತಾಯಂದಿರು ತಿರುವನಂತಪುರದ ಸಚಿವಾಲಯದ ಮುಂದೆ ಉಪವಾಸ ಕುಳಿತರು. ತಮ್ಮ ಮಕ್ಕಳನ್ನೂ ಪಟ್ಟಿಗೆ ಸೇರಿಸಿ ಎಂಬುದೇ ಅವರ ಬೇಡಿಕೆಯಾಗಿತ್ತು. 2022ರ ಮೇ ತಿಂಗಳಲ್ಲೂ ಪರಿಹಾರದ ವಿಳಂಬಕ್ಕಾಗಿ ನ್ಯಾಯಾಲಯ ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು.

ನಮಗೆ ತೋರುವ ಸತ್ಯ ಇದೇ. ರಾಸಾಯನಿಕದ ಹೆಸರು ಸಕಾಲದಲ್ಲಿ ಒಂದು ಪಟ್ಟಿಗೆ ಬರದಿದ್ದರೆ, ಮುಂದೊಂದು ದಿನ ಮಕ್ಕಳ ಹೆಸರು ಇನ್ನೊಂದು ಪಟ್ಟಿಗೆ ಬರುತ್ತದೆ. ಎರಡನೆಯ ಪಟ್ಟಿಯನ್ನು ಮಾಡುವುದು ಮೊದಲನೆಯದಕ್ಕಿಂತ ಕಷ್ಟ, ದುಬಾರಿ. ಅದರಿಂದ ಯಾರೂ ಗುಣವಾಗುವುದಿಲ್ಲ.

ಪಟ್ಟಿಯೇ ಸರ್ವಸ್ವವಲ್ಲ

ಪಟ್ಟಿಯೊಂದು ಬಂದೊಡನೆ ಎಲ್ಲವೂ ಸರಿಹೋಗುವುದೆಂದು ನಾವು ಹೇಳಲಾರೆವು. ಕ್ಯಾಲಿಫೋರ್ನಿಯಾದಲ್ಲಿ ಹೋಟೆಲಿನ ಬಾಗಿಲಿನಿಂದ ವಾಹನ ನಿಲ್ದಾಣದವರೆಗೆ ಎಲ್ಲೆಲ್ಲೂ ಎಚ್ಚರಿಕೆಯ ಫಲಕಗಳಿವೆ. ದಾವೆಯ ಭಯದಿಂದ ಎಲ್ಲರೂ ಎಲ್ಲಕ್ಕೂ ಅಂಟಿಸುವ ಚೀಟಿಯನ್ನು ಯಾರೂ ಓದುವುದಿಲ್ಲ. ಯಾವ ರಾಸಾಯನಿಕವೆಂಬುದನ್ನೇ ಹೇಳದ ಚೀಟಿಗಳು ಬಹುಕಾಲ ನಡೆದವು. 2018ರ ಆಗಸ್ಟ್ 30ರಿಂದ ಪೂರ್ಣ ರೂಪದ ಎಚ್ಚರಿಕೆಯಲ್ಲಿ ಕನಿಷ್ಠ ಒಂದು ವಸ್ತುವಿನ ಹೆಸರಾದರೂ ಇರಬೇಕೆಂಬ ನಿಯಮ ಬಂದಿತು. ಉದ್ಯಮಗಳ ಒತ್ತಡವೂ ಅಲ್ಪವಲ್ಲ. ಪ್ಲಾಸ್ಟಿಕ್ಕಿನಲ್ಲಿ ಬಳಸುವ ಬಿಸ್ಫೆನಾಲ್ ಎ 2013ರ ಏಪ್ರಿಲ್ 11ರಂದು ಪಟ್ಟಿಗೆ ಸೇರಿ, ಉದ್ಯಮ ಸಂಘಟನೆಯ ದಾವೆಯಲ್ಲಿ ನ್ಯಾಯಾಲಯ ನೀಡಿದ ತಡೆಯಾಜ್ಞೆಯಿಂದ 19ರಂದೇ ಹೊರಬಿದ್ದಿತು. ಮತ್ತೆ ಒಳಬಂದದ್ದು 2015ರ ಮೇ 11ರಂದು.

ಇನ್ನೊಂದು ಅಪಾಯವೂ ಉಂಟು. ಅಮೆರಿಕದ ಬ್ಯಾಟರಿ ತಯಾರಿಕಾ ಸಂಸ್ಥೆಯೊಂದು, ಸೀಸವು ಗರ್ಭಕ್ಕೆ ಹಾನಿಕರವೆಂಬ ಕಾರಣ ನೀಡಿ, ಬಂಜೆತನದ ವೈದ್ಯಕೀಯ ಪ್ರಮಾಣಪತ್ರವಿಲ್ಲದ ಹೆಂಗಸರನ್ನು ಸೀಸದ ಕೆಲಸಗಳಿಂದ ದೂರವಿರಿಸಿತ್ತು. ಸೀಸವನ್ನು ಹೊರಹಾಕುವ ಬದಲು ಹೆಣ್ಣನ್ನು ಹೊರಹಾಕಿದ ಈ ಕ್ರಮ ಕಾನೂನುಬಾಹಿರವೆಂದು 1991ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸೀಸ ಗಂಡಸಿನ ಸಂತಾನಶಕ್ತಿಗೂ ಮಾರಕ. ಡಿಬಿಸಿಪಿಗೆ ಬಲಿಯಾದವರು ಗಂಡಸರೇ. ಬಂಜೆತನದ ಹಣೆಪಟ್ಟಿಯನ್ನು ಹೆಣ್ಣಿಗೇ ಅಂಟಿಸುವ ನಮ್ಮ ಸಮಾಜದಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಹಾಗೆಯೇ ಪಟ್ಟಿ ಹೇಳುವುದು ವಸ್ತುವಿನ ಗುಣವನ್ನು. ಅಪಾಯ ಎಷ್ಟು ಎಂಬುದು ಪ್ರಮಾಣವನ್ನೂ ಅವಧಿಯನ್ನೂ ಅವಲಂಬಿಸಿದೆ. ಹೆಸರು ಕಂಡೊಡನೆ ಗಾಬರಿಯಾಗುವುದು ಅನಗತ್ಯ.

ಏನಾಗಬೇಕು?

ಸಂತಾನೋತ್ಪತ್ತಿಗೆ ಹಾನಿಕರವಾದ ವಸ್ತುಗಳ ಒಂದು ರಾಷ್ಟ್ರೀಯ ಪಟ್ಟಿಯನ್ನು ಕೇಂದ್ರ ಸರ್ಕಾರ ಪ್ರಕಟಿಸಬೇಕು. ಶೂನ್ಯದಿಂದ ಆರಂಭಿಸಬೇಕಾಗಿಲ್ಲ, ವಿಶ್ವಸಂಸ್ಥೆಯ ವರ್ಗೀಕರಣವಿದೆ, ಇತರ ದೇಶಗಳು ಮಾಡಿದ ಕೆಲಸ ಎಲ್ಲರ ಮುಂದಿದೆ. ಪ್ರತಿ ಹೆಸರಿನ ಮುಂದೆ ಕಾರಣವೂ ದಿನಾಂಕವೂ ಇರಲಿ. ತಿರಸ್ಕರಿಸಿದ ಹೆಸರುಗಳಿಗೂ ಕಾರಣ ನೀಡಲಿ. ಪಟ್ಟಿಗೆ ಸೇರಿದ ದಿನದಿಂದ ತಯಾರಕ, ಮಾಲೀಕ, ಮಾರಾಟಗಾರರ ಹೊಣೆ ಏನೆಂಬುದು ಕಾನೂನಿನಲ್ಲೇ ಬರೆದಿರಲಿ. ಕೀಟನಾಶಕದ ತ್ರಿಕೋನದ ಪಕ್ಕದಲ್ಲಿ ಇದಕ್ಕೆಂದೇ ಪ್ರತ್ಯೇಕ ಗುರುತು ಬರಲಿ. 1968ರ ಕೀಟನಾಶಕ ಕಾಯಿದೆಯನ್ನು ಬದಲಿಸಲು 2008ರಲ್ಲೂ 2020ರಲ್ಲೂ ರಾಜ್ಯಸಭೆಯಲ್ಲಿ ಮಸೂದೆ ಮಂಡನೆಯಾಗಿತ್ತು. ಮುಂದೆ ಬರುವ ಕಾಯಿದೆ ಯಾವುದೇ ಆಗಲಿ, ಈ ಅಂಶ ಅದರಲ್ಲಿ ಅಡಕವಾಗಬೇಕು.

ಕೊನೆಯದಾಗಿ, ಭಾಷೆಯ ಮಾತು. ಕೀಟನಾಶಕದ ಚೀಟಿ ಹಿಂದಿ, ಇಂಗ್ಲಿಷ್‌ಗಳ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು 1971ರ ನಿಯಮಗಳೇ ಹೇಳುತ್ತವೆ. ಆದರೆ ರಾಸಾಯನಿಕಗಳ ಅನುಸೂಚಿಗಳು, ಕರಡು ಆದೇಶಗಳು, ಅಭಿಪ್ರಾಯ ಕೋರುವ ಪ್ರಕಟಣೆಗಳು ಕನ್ನಡದಲ್ಲಿ ಬರುವುದಿಲ್ಲ. ಪಡ್ರೆಯ ಸಂಕಟವನ್ನು ಹೊರಜಗತ್ತಿಗೆ ಮುಟ್ಟಿಸಲು ನಮ್ಮವರು ಇಂಗ್ಲಿಷಿನಲ್ಲಿ ಬರೆಯಬೇಕಾಯಿತು. ಸರ್ಕಾರ ಆಕ್ಷೇಪಣೆ ಕೇಳುವ ಪತ್ರ ಅದೇ ಊರಿನವರಿಗೆ ಓದಲು ಬಾರದ ನುಡಿಯಲ್ಲಿದ್ದರೆ, ಕೇಳಿದ್ದು ಯಾರನ್ನು?

ಹೊರನಾಡಿನ ಕನ್ನಡ ಸಂಘಗಳು ಆರೋಗ್ಯ ಶಿಬಿರಗಳನ್ನು ನಡೆಸುತ್ತ ಬಂದಿವೆ. ನಮ್ಮ ನಡುವೆ ರಸಾಯನ ವಿಜ್ಞಾನಿಗಳು, ವೈದ್ಯರು, ವಕೀಲರು, ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ಇದ್ದಾರೆ. ಕೇಂದ್ರ ಸರ್ಕಾರದ ಮುಂದಿನ ಕರಡು ಆದೇಶ ಹೊರಬಿದ್ದಾಗ ಅದರ ಸಾರವನ್ನು ಕನ್ನಡಕ್ಕೆ ತಂದು, ಊರಿನ ಬಂಧುಗಳಿಗೆ ತಲುಪಿಸಿ, ಗಡುವು ಮುಗಿಯುವ ಮುನ್ನ ಅವರ ಮಾತನ್ನು ದೆಹಲಿಗೆ ಮುಟ್ಟಿಸುವುದು ನಮ್ಮ ಕೈಯಳತೆಯಲ್ಲಿರುವ ಕೆಲಸ. ಅದಕ್ಕೆ ಮುಂದಾಗುವಂತೆ ಎಲ್ಲ ಸಂಘ-ಸಂಸ್ಥೆಗಳನ್ನು ನಾವು ವಿನಂತಿಸುತ್ತೇವೆ.